ಕಲ್ಲಿನ ಬರಹ, ಕಾಲಾಣೆಯ ಕಾರ್ಡು



ಹಾಸನದಿಂದ ಅರಸೀಕೆರೆಯ ಕಡೆಗೆ ಸುಮಾರು 10 ಕಿಲೋಮೀಟರ್ ಹೋದರೆ ಕೊರವಂಗಲ ಎಂಬ ಊರು ಸಿಗುತ್ತದೆ. ಬೇಲೂರು, ಹಳೇಬೀಡುಗಳನ್ನು ನೋಡಲು ಹಾಸನಕ್ಕೆ ಬರುವವರಲ್ಲಿ ಹೆಚ್ಚಿನವರು ಈ ಊರಿನತ್ತ ತಿರುಗುವುದೇ ಇಲ್ಲ. ತಿರುಗಿದವರಿಗೆ ನಷ್ಟವಿಲ್ಲ. ಇಲ್ಲಿ ಬೂಚೇಶ್ವರ ಎಂಬ ಹೊಯ್ಸಳರ ಕಾಲದ ದೇವಾಲಯವಿದೆ. ಎದುರುಬದುರಾಗಿ ಎರಡು ಗರ್ಭಗುಡಿಗಳು. ಪಶ್ಚಿಮದಲ್ಲಿ ಶಿವ, ಪೂರ್ವದಲ್ಲಿ ಸೂರ್ಯ. ಹೊರಗೋಡೆಯ ಶಿಲ್ಪಗಳು ಬಳಪದ ಕಲ್ಲಿನವು.

ಈ ಗುಡಿಯನ್ನು ಕಟ್ಟಿಸಿದವನು ಬೂಚಿ ಅಥವಾ ಬೂಚಿರಾಜ ಎಂಬ ಅಧಿಕಾರಿ. 1173ರಲ್ಲಿ ಇಮ್ಮಡಿ ವೀರಬಲ್ಲಾಳನಿಗೆ ಪಟ್ಟಾಭಿಷೇಕವಾಯಿತು. ಆ ಸಂತೋಷಕ್ಕಾಗಿ ಬೂಚಿ ತನ್ನ ಹೆಸರಿನಲ್ಲಿ ಈ ದೇವರನ್ನು ಪ್ರತಿಷ್ಠೆ ಮಾಡಿಸಿದ. ಅವನ ಸೋದರರು ಗೋವಿಂದ ಮತ್ತು ನಾಕ. ಅವರ ಹೆಸರಿನ ಗೋವಿಂದೇಶ್ವರ, ನಾಕೇಶ್ವರ ದೇವಾಲಯಗಳೂ ಇದೇ ಊರಿನಲ್ಲಿವೆ, ಆದರೆ ಅವು ಜೀರ್ಣವಾಗಿವೆ. ಎಂಟೂವರೆ ಶತಮಾನಗಳ ಹಿಂದೆ ಒಂದು ಹಳ್ಳಿಯಲ್ಲಿದ್ದ ಮೂವರು ಅಣ್ಣತಮ್ಮಂದಿರ ಹೆಸರು ನಮಗೆ ಗೊತ್ತಿರುವುದು ಶಾಸನಗಳಿಂದ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಓದಿಸಿ, ಪ್ರತಿ ಮಾಡಿಸಿ, 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ ಪ್ರಕಟಿಸಿದರು.

ಹೊಯ್ಸಳರ ಒಂದು ಶಾಸನದಲ್ಲಿ ಏನೇನಿರುತ್ತದೆ ಎಂದು ಸ್ವಲ್ಪ ಯೋಚಿಸಿ. ರಾಜನ ಹೊಗಳಿಕೆ ಇರುತ್ತದೆ, ಅದನ್ನು ಬಿಡಿ. ಅದಾದ ಮೇಲೆ ಬರುವುದು: ಇಂಥವನು ಯಾರ ಮಗ, ಯಾರ ತಮ್ಮ, ಯಾವ ರಾಜನಲ್ಲಿ ಯಾವ ಹುದ್ದೆಯಲ್ಲಿದ್ದ, ಯಾವ ಊರಿನಲ್ಲಿ ಏನು ಕಟ್ಟಿಸಿದ, ಯಾವ ದಿನ ಕಟ್ಟಿಸಿದ. ಒಟ್ಟಿನಲ್ಲಿ ಉದ್ಯೋಗದ ಸಮಾಚಾರ ಮತ್ತು ಮನೆಯ ಸಮಾಚಾರ. ಕಾಲೇಜು ಬಿಟ್ಟು ಹತ್ತು ವರ್ಷವಾದ ಮೇಲೆ ಇಬ್ಬರು ಸಹಪಾಠಿಗಳು ಬಸ್ ನಿಲ್ದಾಣದಲ್ಲಿ ಎದುರಾದರೆ ಕೇಳುವುದೂ ಇದನ್ನೇ ಅಲ್ಲವೇ? ಎಲ್ಲಿ ಕೆಲಸ? ಮಕ್ಕಳೆಷ್ಟು? ಮನೆ ಕಟ್ಟಿಸಿದೆಯಾ?

ವ್ಯತ್ಯಾಸವಿರುವುದು ಒಂದೇ. ಬೂಚಿರಾಜನಿಗೆ ತನ್ನ ಸಮಾಚಾರವನ್ನು ಕಲ್ಲಿನಲ್ಲಿ ಕೊರೆಸುವ ಅನುಕೂಲವಿತ್ತು. ಅವನ ಜೊತೆ ಬಾಲ್ಯದಲ್ಲಿ ಅಕ್ಷರ ಕಲಿತ ಇತರರಿಗೆ ಅದು ಇರಲಿಲ್ಲ. ಅವರು ಯಾರು, ಏನಾದರು ಎಂಬುದು ನಮಗೆ ತಿಳಿಯುವಂತಿಲ್ಲ. ಸಾಮಾನ್ಯ ಜನ ತಮ್ಮ ಸುದ್ದಿಯನ್ನು ಬರೆದು ದೂರದ ಗೆಳೆಯನಿಗೆ ತಲುಪಿಸುವುದಕ್ಕೆ, ಅದು ಉಳಿಯುವುದಕ್ಕೆ, ಬಹಳ ಕಾಲ ಕಾಯಬೇಕಾಯಿತು. ಈ ಹೊತ್ತು ನಾವು ನೋಡಬೇಕಾದದ್ದು ಆ ಚರಿತ್ರೆಯನ್ನು.

ಸಹಪಾಠಿಗೆ ನಮ್ಮ ಹಳೆಯ ಪದ 'ಸತೀರ್ಥ'. ಒಬ್ಬನೇ ಗುರುವಿನಲ್ಲಿ ಕಲಿತವರು ಸತೀರ್ಥರು. ಪುರಾಣಗಳಲ್ಲಿ ಸತೀರ್ಥರ ಕಥೆಗಳು ಎರಡು ಪ್ರಸಿದ್ಧವಾಗಿವೆ. ಒಂದು ಕೃಷ್ಣ ಕುಚೇಲರದು. ಸಾಂದೀಪನಿಯ ಆಶ್ರಮದಲ್ಲಿ ಜೊತೆಗೆ ಓದಿದವರಲ್ಲಿ ಒಬ್ಬ ದ್ವಾರಕೆಯ ಅರಸನಾದ, ಇನ್ನೊಬ್ಬ ಬಡವನಾಗಿಯೇ ಉಳಿದ. ಹೆಂಡತಿಯ ಬಲವಂತಕ್ಕೆ ಹಿಡಿ ಅವಲಕ್ಕಿ ಕಟ್ಟಿಕೊಂಡು ಹೋದವನನ್ನು ಅರಸ ಎದ್ದು ಬಂದು ಅಪ್ಪಿಕೊಂಡ. ಇನ್ನೊಂದು ದ್ರೋಣ ದ್ರುಪದರದು. ಭರದ್ವಾಜರ ಆಶ್ರಮದಲ್ಲಿ ಕೂಡಿ ಆಡಿ ಬೆಳೆದವರು. ದ್ರುಪದ ಪಾಂಚಾಲದ ರಾಜನಾದ ಮೇಲೆ, ಮಗನಿಗೆ ಹಾಲು ಕೊಡಲಾಗದ ದ್ರೋಣ ಹಳೆಯ ಗೆಳೆತನವನ್ನು ನಂಬಿ ಹೋದ. ರಾಜನಿಗೂ ಬಡವನಿಗೂ ಎಂಥ ಗೆಳೆತನ ಎಂಬ ಉತ್ತರ ಸಿಕ್ಕಿತು. ಆ ಮಾತಿನಿಂದ ಹುಟ್ಟಿದ ಹಗೆ ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಪಂಪಭಾರತದ ಪಾಠ ಓದಿದವರಿಗೆ ಹೇಳಬೇಕಾಗಿಲ್ಲ.

ಎರಡು ಕಥೆಗಳಲ್ಲೂ ಒಂದು ಸಂಗತಿ ಸಮಾನ. ನಡುವಿನ ವರ್ಷಗಳಲ್ಲಿ ಗೆಳೆಯರ ನಡುವೆ ಸುದ್ದಿಯೇ ಇರಲಿಲ್ಲ. ಇವನ ಬಡತನ ಅವನಿಗೆ ತಿಳಿಯದು, ಅವನ ಬದಲಾದ ಮನಸ್ಸು ಇವನಿಗೆ ತಿಳಿಯದು. ಬಾಗಿಲಿಗೆ ಹೋಗಿ ನಿಂತಾಗಲೇ ಗೊತ್ತಾಗಬೇಕು. ನಂಟು ಉಳಿಯಬೇಕಾದರೆ ನಡುನಡುವೆ ಸುದ್ದಿ ಹೋಗಿ ಬರುತ್ತಿರಬೇಕು, ಸುದ್ದಿ ಹೋಗಿ ಬರಲು ಒಂದು ಏರ್ಪಾಡು ಬೇಕು.

ಆ ಏರ್ಪಾಡು ನಮ್ಮ ಸೀಮೆಯಲ್ಲಿ ಬಂದ ಬಗೆ ಸ್ವಾರಸ್ಯವಾಗಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ತಮ್ಮ ರಾಜ್ಯದಲ್ಲಿ ಅಂಚೆಯ ವ್ಯವಸ್ಥೆಯನ್ನು ಕಟ್ಟಿದರು. ಹಳಗನ್ನಡದಲ್ಲಿ ಹಂಸಕ್ಕೂ ಅಂಚೆ ಎಂದೇ ಹೆಸರು. ನಳನ ಕಥೆಯಲ್ಲಿ ಹಂಸ ಮಾಡಿದ ಕೆಲಸ ಏನೆಂದು ನಿಮಗೆ ಗೊತ್ತು! ಆದರೆ ಒಡೆಯರ ಅಂಚೆ ಪ್ರೇಮಿಗಳಿಗಾಗಲಿ ಗೆಳೆಯರಿಗಾಗಲಿ ಹುಟ್ಟಿದ್ದಲ್ಲ. ನಾಡಿನ ಮೂಲೆಮೂಲೆಯ ಸುದ್ದಿ ಅರಮನೆಗೆ ತಲುಪಬೇಕು, ಯಾರು ಏನು ಮಾಡುತ್ತಿದ್ದಾರೆಂಬುದು ಅರಸನಿಗೆ ತಿಳಿಯಬೇಕು, ಅದಕ್ಕಾಗಿ ಹುಟ್ಟಿದ್ದು. ಜನರ ಕಾಗದಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. 1889ರಲ್ಲಿ ಮೈಸೂರಿನ ಈ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯೊಂದಿಗೆ ಸೇರಿಹೋಯಿತು. ಹೆಸರು ಮಾತ್ರ ಉಳಿಯಿತು. ಟಪಾಲು ಎಂಬ ಮಾತು ಬಳಕೆಯಲ್ಲಿದ್ದರೂ ಕನ್ನಡಿಗರಿಗೆ ಅದು ಇಂದಿಗೂ ಅಂಚೆಯೇ.

ಅಷ್ಟರಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. 1879ರ ಜುಲೈ 1ರಂದು ಭಾರತದಲ್ಲಿ ಪೋಸ್ಟ್ ಕಾರ್ಡು ಬಂತು. ಬೆಲೆ ಕಾಲಾಣೆ. ದೇಶದ ಈ ತುದಿಯಿಂದ ಆ ತುದಿಗೆ ಹೋದರೂ ಅದೇ ಕಾಲಾಣೆ. ರಾಜ್ಯಗಳು, ಯುದ್ಧಗಳು, ಒಪ್ಪಂದಗಳು ಇವುಗಳ ತಾರೀಖುಗಳನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೀರಿ. ನನ್ನನ್ನು ಕೇಳಿದರೆ ಈ ತಾರೀಖನ್ನೂ ಅವುಗಳ ಪಕ್ಕದಲ್ಲಿ ಇಡಬಹುದು. ಬಡವನ ಮನೆಯ ಸುದ್ದಿ ಬರಹವಾಗಿ ಪ್ರಯಾಣ ಮಾಡಲು ಆರಂಭಿಸಿದ್ದು ಈ ಕಾರ್ಡಿನಿಂದ. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಇನ್‌ಲ್ಯಾಂಡ್ ಪತ್ರ ಬಂತು. ಕಾರ್ಡಿನಲ್ಲಿ ಬರೆದುದನ್ನು ಪೋಸ್ಟ್ ಮ್ಯಾನ್‌ನಿಂದ ಹಿಡಿದು ಓಣಿಯವರೆಲ್ಲ ಓದಬಹುದಾಗಿತ್ತು. ಮಡಿಸಿ ಅಂಟಿಸುವ ನೀಲಿ ಕಾಗದದಲ್ಲಿ ಆ ಭಯವಿರಲಿಲ್ಲ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಹಾಸನದ ಕಡೆಯ ವಿಳಾಸಗಳಿಗೆಲ್ಲ ಮೊದಲ ಮೂರು ಅಂಕಿ 573 ಆಯಿತು.

ಈಗ ಕೊರವಂಗಲ, ಗೊರೂರು, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತನೆಯ ಶತಮಾನದ ಮೊದಲ ಭಾಗ. ಪದವಿ ಬೇಕೆಂದರೆ ಮೈಸೂರಿನ ಮಹಾರಾಜಾ ಕಾಲೇಜಿಗೋ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಹೋಗಬೇಕು. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಹಾಸನದಲ್ಲಿ ಆರಂಭವಾದದ್ದು 1960ರಲ್ಲಿ. ಅಲ್ಲಿಯವರೆಗೆ ಇಂಜಿನಿಯರ್ ಆಗಬೇಕೆಂದವನಿಗೂ ಊರು ಬಿಡದೆ ಗತಿಯಿರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಮೈಸೂರು–ಅರಸೀಕೆರೆ ರೈಲುಮಾರ್ಗ ಹಾಸನದ ಮೇಲೆ ಬಂದದ್ದು ಅಂಥವರಿಗೆ ದೊಡ್ಡ ಅನುಕೂಲವಾಯಿತು. ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ, ಹಾಸ್ಟೆಲಿನ ಊಟ ಅಥವಾ ವಾರಾನ್ನ. ಎರಡು ಮೂರು ವರ್ಷ ಒಂದೇ ಕೋಣೆಯಲ್ಲಿ ಬೇರೆ ಬೇರೆ ಜಿಲ್ಲೆಗಳ ಹುಡುಗರ ಜೊತೆ ಕಳೆದು, ಕೊನೆಗೆ ಗ್ರೂಪ್ ಫೋಟೋ ತೆಗೆಸಿಕೊಂಡು, ಆಟೋಗ್ರಾಫ್ ಪುಸ್ತಕದಲ್ಲಿ ವಿಳಾಸ ಬರೆಸಿಕೊಂಡು, ಎಲ್ಲರೂ ಚದುರುತ್ತಾರೆ. ಒಬ್ಬ ಶಾನುಭೋಗಿಕೆಗೆ, ಒಬ್ಬ ಮೇಷ್ಟರ ಕೆಲಸಕ್ಕೆ, ಒಬ್ಬ ಮುಂಬಯಿಗೆ.

ಆಮೇಲೆ ಬರುತ್ತವೆ ಕಾಗದಗಳು. ನಮ್ಮ ಕಾಗದಗಳಿಗೆ ಒಂದು ಕಟ್ಟುನಿಟ್ಟಿನ ಆಕಾರವಿತ್ತು. ತಂದೆಗೆ ಬರೆದರೆ 'ತೀರ್ಥರೂಪು', ಮಗನಿಗಾದರೆ 'ಚಿರಂಜೀವಿ', ಹೊರಗಿನ ದೊಡ್ಡವರಿಗೆ 'ಮ.ರಾ.ರಾ.' ಮೊದಲ ಸಾಲಿನಲ್ಲಿ 'ಉಭಯ ಕುಶಲೋಪರಿ ಸಾಂಪ್ರತ', ಕೊನೆಯಲ್ಲಿ 'ಆಗಾಗ್ಗೆ ಕ್ಷೇಮಸಮಾಚಾರ ತಿಳಿಸುತ್ತಿರಬೇಕು'. ಮದುವೆಯ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೆ ಹರಿದು ಹಾಕುತ್ತಿದ್ದರು. ಉತ್ತರ ಬರೆಯದ ಸೋಮಾರಿ ಗೆಳೆಯನಿಗೆ ಜವಾಬಿ ಕಾರ್ಡು ಹಾಕುವುದಿತ್ತು. ಉತ್ತರದ ಕಾರ್ಡಿನ ಹಣವನ್ನೂ ನಾನೇ ಕೊಟ್ಟಿದ್ದೇನೆ, ಇನ್ನಾದರೂ ಬರೆ ಎಂದು ಅರ್ಥ.

ಇವುಗಳಲ್ಲಿ ಗೆಳೆಯರ ಕಾಗದದ ಗುರುತು ಒಂದೇ: 'ನೀನು'. ಹಾಸ್ಟೆಲಿನಲ್ಲಿ 'ಲೋ' ಎಂದು ಕರೆದವನು ಸಬ್ ರಿಜಿಸ್ಟ್ರಾರ್ ಆದ ಮೇಲೆ ಅವನಿಗೆ 'ನೀನು' ಎಂದು ಬರೆಯಬಹುದೇ, 'ತಾವು' ಎನ್ನಬೇಕೇ? ಹಳೆಯ ಕಾಗದದ ಕಟ್ಟು ನಿಮ್ಮ ಕೈಗೆ ಸಿಕ್ಕರೆ ಇದನ್ನು ಹುಡುಕಿ ನೋಡಿ. 'ನೀನು' ಇದ್ದದ್ದು ಯಾವ ತಾರೀಖಿನ ಕಾಗದದಿಂದ 'ತಾವು' ಆಯಿತು ಎಂಬುದು, ದ್ರುಪದನ ಅರಮನೆಯ ಬಾಗಿಲು ಮುಚ್ಚಿದ್ದು ಯಾವಾಗ ಎಂಬುದನ್ನು ಹೇಳುತ್ತದೆ. ಎಷ್ಟೋ ಸಲ ದ್ರುಪದ ಏನೂ ಅಂದಿರುವುದೇ ಇಲ್ಲ. ಸಂಕೋಚಪಟ್ಟು ತಾನಾಗಿಯೇ ದೂರ ಸರಿದವನು ದ್ರೋಣನೇ ಆಗಿರುತ್ತಾನೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ಮೈಸೂರಿನ ಮಹಾರಾಣಿ ಕಾಲೇಜಿನ ಮೂಲವಾದ ಬಾಲಿಕೆಯರ ಶಾಲೆ ಆರಂಭವಾದದ್ದು 1881ರಲ್ಲಿ. ಅಲ್ಲಿಂದ ಮುಂದೆ ತಲೆಮಾರಿನಿಂದ ತಲೆಮಾರಿಗೆ ಓದಿದ ಹೆಣ್ಣುಮಕ್ಕಳ ಸಂಖ್ಯೆ ಏರಿತು. ಆದರೆ ಅವರ ಆಟೋಗ್ರಾಫ್ ಪುಸ್ತಕದ ವಿಳಾಸಗಳು ಬೇಗ ಹಳಸುತ್ತಿದ್ದವು. ಮದುವೆಯಾದರೆ ಊರು ಬದಲು, ಇನಿಷಿಯಲ್ ಬದಲು, ಕೆಲವರ ಹೆಸರೇ ಬದಲು. ಅತ್ತೆಯ ಮನೆಗೆ ಬಂದ ಸೊಸೆಯ ಕಾಗದವನ್ನು ಮೊದಲು ಬೇರೆಯವರು ಒಡೆದು ಓದುವ ಮನೆಗಳಿದ್ದವು. ತರಗತಿಗೆ ಮೊದಲಿಗಳಾಗಿದ್ದ ಗೆಳತಿ ಎಲ್ಲಿ ಹೋದಳೆಂದು ಕೊನೆಗೂ ತಿಳಿಯದೆ ಉಳಿದದ್ದು ಅನೇಕರ ಅನುಭವ. ಪುರುಷ ಸಹಪಾಠಿಗಳ ಪತ್ರಗಳು ಪುಸ್ತಕಗಳಾಗಿರುವಷ್ಟು ಸ್ತ್ರೀಯರ ಪತ್ರಗಳು ಆಗಿಲ್ಲದಿರುವುದಕ್ಕೆ ಅವರು ಬರೆಯಲಿಲ್ಲ ಎಂಬುದು ಕಾರಣವಲ್ಲ. ಉಳಿಸುವವರು ಇರಲಿಲ್ಲ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥ ಒಂದು ಕಟ್ಟು ಇದ್ದರೆ ಅದು ಕೊರವಂಗಲದ ಶಾಸನಕ್ಕಿಂತ ಅಪರೂಪದ ವಸ್ತು.

ಪ್ರವಾಸದ ಕಾಗದಗಳಿಗೆ ಇನ್ನೊಂದು ಗಮ್ಮತ್ತು. ಹೊರದೇಶಕ್ಕೆ ಹೋದವನ ಕಾಗದವನ್ನು ಒಬ್ಬನೇ ಓದುತ್ತಿರಲಿಲ್ಲ, ಹತ್ತು ಜನ ಸೇರಿ ಓದುತ್ತಿದ್ದರು. ಹೇಮಾವತಿ ದಂಡೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು (1904–1991) ಗಾಂಧೀಜಿಯ ಕರೆಗೆ ಓಗೊಟ್ಟು ಗುಜರಾತ್ ವಿದ್ಯಾಪೀಠದಲ್ಲಿ ಓದಿ ಬಂದವರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಅವರು ಬರೆದ 'ಅಮೆರಿಕಾದಲ್ಲಿ ಗೊರೂರು' 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದನ್ನು ಓದಿ. ಊರಿನ ಜಗಲಿಯಲ್ಲಿ ಕುಳಿತ ಗೆಳೆಯರಿಗೆ ಹೇಳುವ ಹಾಗೆ ಹೇಳುವುದೇ ಆ ಪುಸ್ತಕದ ಸೊಗಸು.

ಪತ್ರಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಆಯಿತು. ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತಿತು. ಇಂದು ನಿಮ್ಮ ತರಗತಿಯ ಎಲ್ಲರೂ ಒಂದೇ ಫೋನಿನೊಳಗೆ ಇದ್ದಾರೆ. ಅದು ಕೆಟ್ಟದ್ದು ಎನ್ನುವವನಲ್ಲ ನಾನು. ಮೇಲೆ ಹೇಳಿದ ಗೆಳತಿ ಇಂದಾಗಿದ್ದರೆ ಅಷ್ಟು ಸುಲಭವಾಗಿ ಕಳೆದುಹೋಗುತ್ತಿರಲಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಒಂದು ಚಿಂತೆ ಇದ್ದೇ ಇದೆ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಯಿತು, ಬರೆದ ಸಂದೇಶ ಫೋನು ಬದಲಾಯಿಸಿದಾಗ ಹೋಯಿತು. ಕಾಗದ ಉಳಿದರೆ ಅದರಿಂದ ಏನು ತಿಳಿಯುತ್ತದೆ ಎಂಬುದಕ್ಕೆ ಕನ್ನಡ ನಾಡಿನದೇ ಒಂದು ದೊಡ್ಡ ನಿದರ್ಶನವಿದೆ. ಅದಕ್ಕಾಗಿ ಹಾಸನವನ್ನು ಬಿಟ್ಟು ಬೆಂಗಳೂರಿಗೆ ಹೋಗಬೇಕು.

ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ 1875ರಲ್ಲಿ ಈ ಹೆಸರನ್ನು ಪಡೆಯಿತು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೆ ಮುಂಚೆ ಇಲ್ಲಿಯವರು ಪರೀಕ್ಷೆಗೆ ಕೂರುತ್ತಿದ್ದುದು ಮದ್ರಾಸು ವಿಶ್ವವಿದ್ಯಾನಿಲಯಕ್ಕೆ. 1890ರ ದಶಕದ ಆರಂಭದಲ್ಲಿ ಆ ಕಾಲೇಜಿನಲ್ಲಿ ಇಬ್ಬರು ಹುಡುಗರು ಜೊತೆಯಾದರು. ಒಬ್ಬ ನವರತ್ನ ರಾಮರಾವ್, ಹುಟ್ಟಿದ್ದು 1877ರಲ್ಲಿ. ಇನ್ನೊಬ್ಬ ಹೊಸೂರಿನ ಹತ್ತಿರದ ತೊರಪಳ್ಳಿಯ ಹುಡುಗ, 1878ರಲ್ಲಿ ಹುಟ್ಟಿದವನು, ಸಿ. ರಾಜಗೋಪಾಲಾಚಾರಿ. ಜಾನ್ ಗತ್ರಿ ಟೇಟ್ ಅವರು ಅಲ್ಲಿ ಇವರಿಗೆ ಗುರುಗಳು. ಹಳೆಯ ಮಾತಿನಲ್ಲಿ ಹೇಳಿದರೆ ಇವರು ಟೇಟರ ಸತೀರ್ಥರು. ರಾಜಗೋಪಾಲಾಚಾರಿ 1894ರಲ್ಲಿ ಬಿ.ಎ. ಮುಗಿಸಿದಾಗ ಹದಿನಾರು ವರ್ಷವೂ ತುಂಬಿರಲಿಲ್ಲ.

ಆಮೇಲೆ ದಾರಿಗಳು ಬೇರೆಯಾದವು. ರಾಮರಾಯರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅಮಲ್ದಾರರಾಗಿ ತಾಲ್ಲೂಕುಗಳನ್ನು ಸುತ್ತಿದರು, ಮುಂದೆ ರೇಷ್ಮೆ ಇಲಾಖೆಯ ಮುಖ್ಯಸ್ಥರಾದರು. ಅಮಲ್ದಾರ ಎಂದರೆ ಇಂದಿನ ತಹಸೀಲ್ದಾರ. ಆದರೆ ಅಂದಿನ ಅಮಲ್ದಾರನಿಗೆ ತಾಲ್ಲೂಕಿನಲ್ಲಿ ಇದ್ದ ಗತ್ತು ಇಂದು ಯಾರಿಗೂ ಇಲ್ಲ. ಆ ದಿನಗಳ ಅನುಭವಗಳನ್ನು ಅವರು 'ಕೆಲವು ನೆನಪುಗಳು' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. 1954ರಲ್ಲಿ ಅಚ್ಚಾದ ಆ ಪುಸ್ತಕ ಕನ್ನಡದ ಒಳ್ಳೆಯ ಆತ್ಮಕಥನಗಳಲ್ಲಿ ಒಂದು. ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ ಓದಿ.

ರಾಜಗೋಪಾಲಾಚಾರಿ ಮದ್ರಾಸಿನಲ್ಲಿ ಕಾನೂನು ಓದಿ 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ಹೆಸರು, ಹಣ ಎರಡೂ ಬಂದವು. ಐದು ಮಕ್ಕಳನ್ನು ಬಿಟ್ಟು ಪತ್ನಿ ತೀರಿಕೊಂಡಾಗ ಅವರಿಗಿನ್ನೂ ನಲವತ್ತಾಗಿರಲಿಲ್ಲ. 1917ರಿಂದ ಸೇಲಂ ಪುರಸಭೆಯ ಅಧ್ಯಕ್ಷತೆ, ಅಲ್ಲಿಂದ ಗಾಂಧೀಜಿಯ ಅಸಹಕಾರ ಚಳವಳಿ. ವಕೀಲಿ ಬಿಟ್ಟರು. 1921ರ ಕೊನೆಯಲ್ಲಿ ಜೈಲಿಗೆ ಹೋದರು, ವೆಲ್ಲೂರಿನ ಸೆರೆಮನೆಯಲ್ಲಿ ದಿನಚರಿ ಬರೆದರು. 1930ರಲ್ಲಿ ವೇದಾರಣ್ಯಂಗೆ ಉಪ್ಪಿನ ಯಾತ್ರೆ ನಡೆಸಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಬ್ಬ ಮಹಾರಾಜರ ಸರ್ಕಾರದ ಅಧಿಕಾರಿ. ಆ ಮಹಾರಾಜರ ಮೇಲೆ ಬ್ರಿಟಿಷ್ ರೆಸಿಡೆಂಟನ ಕಣ್ಣು. ಇನ್ನೊಬ್ಬ ಅದೇ ಬ್ರಿಟಿಷರ ಜೈಲಿನಲ್ಲಿ. ಒಬ್ಬನ ಕೆಲಸ ರೇಷ್ಮೆ, ಇನ್ನೊಬ್ಬನ ವ್ರತ ಖಾದಿ! ಗೆಳೆತನ ತಣ್ಣಗಾಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಯಾರೂ ತಪ್ಪು ಎನ್ನುತ್ತಲೂ ಇರಲಿಲ್ಲ. ಕಾಗದ ನಿಲ್ಲಿಸಿದರೆ ಸಾಕಾಗಿತ್ತು, ಜಗಳವೂ ಬೇಕಿರಲಿಲ್ಲ. ಹಾಗೆ ಆಗಲಿಲ್ಲ. ರಾಜಾಜಿಯವರು ರಾಮರಾಯರಿಗೆ ದಶಕಗಳ ಕಾಲ ಬರೆಯುತ್ತಲೇ ಇದ್ದರು. ಆ ಕಾಗದಗಳನ್ನು ರಾಮರಾಯರು ಇಟ್ಟುಕೊಂಡರು.

ಇಟ್ಟುಕೊಂಡದ್ದು ಎಂಥ ದೊಡ್ಡ ಕೆಲಸ ಎಂಬುದು ಮುಂದೆ ತಿಳಿಯಿತು. ರಾಜಾಜಿಯವರ ಮಗಳು ಲಕ್ಷ್ಮಿ 1933ರಲ್ಲಿ ಗಾಂಧೀಜಿಯ ಮಗ ದೇವದಾಸರನ್ನು ಮದುವೆಯಾದರು. ಅವರ ಮಗ ರಾಜಮೋಹನ ಗಾಂಧಿ ತಮ್ಮ ತಾತನ ಜೀವನಚರಿತ್ರೆಯನ್ನು ಬರೆಯಲು ಕುಳಿತಾಗ, ತಾತನ ಮನಸ್ಸನ್ನು ಅರಿಯಲು ಅವರಿಗೆ ಒದಗಿದ ಆಧಾರಗಳಲ್ಲಿ ಈ ಕಾಗದಗಳೂ ಸೇರಿದ್ದವು. ಭಾಷಣಗಳು ಪತ್ರಿಕೆಗಳಲ್ಲಿದ್ದವು, ಆಜ್ಞೆಗಳು ಸರ್ಕಾರದ ಕಡತಗಳಲ್ಲಿದ್ದವು. ಸಾರ್ವಜನಿಕ ವ್ಯಕ್ತಿ ಜನರಿಗೆ ಹೇಳುವ ಮಾತೇ ಬೇರೆ, ಹದಿನೈದನೆಯ ವಯಸ್ಸಿನಿಂದ ತನ್ನನ್ನು ಬಲ್ಲವನಿಗೆ ಹೇಳುವ ಮಾತೇ ಬೇರೆ. ಎರಡನೆಯದು ಸಿಗುವುದು ಕಾಗದದಲ್ಲಿ ಮಾತ್ರ.

1937ರಿಂದ 1939ರವರೆಗೆ ರಾಜಾಜಿ ಮದ್ರಾಸು ಪ್ರಾಂತದ ಪ್ರಧಾನಮಂತ್ರಿಯಾಗಿದ್ದರು. ಅಂದು ಪ್ರಾಂತದ ಮುಖ್ಯಸ್ಥನನ್ನು ಹಾಗೆ ಕರೆಯುತ್ತಿದ್ದರು. 1948ರ ಜೂನ್ 21ರಿಂದ 1950ರ ಜನವರಿ 26ರವರೆಗೆ ಸ್ವತಂತ್ರ ಭಾರತದ ಗವರ್ನರ್ ಜನರಲ್. ವೈಸರಾಯರು ವಾಸ ಮಾಡಿದ್ದ ದೆಹಲಿಯ ಅರಮನೆಯಲ್ಲಿ ವಾಸ. 1954ರಲ್ಲಿ ಭಾರತರತ್ನ. ಅದೇ ವರ್ಷ ಸಹಪಾಠಿಯ ನೆನಪಿನ ಪುಸ್ತಕ ಬೆಳಕು ಕಂಡಿತು. ಇವರಲ್ಲಿ ಕೃಷ್ಣ ಯಾರು, ಕುಚೇಲ ಯಾರು ಎಂದು ಕೇಳಿದರೆ ಉತ್ತರ ಕಷ್ಟ. ಆರಂಭದಲ್ಲಿ ಸರ್ಕಾರಿ ಗತ್ತು ಇದ್ದವರು ರಾಮರಾಯರು, ಕೊನೆಯಲ್ಲಿ ದೇಶದ ಅತ್ಯುನ್ನತ ಪೀಠದಲ್ಲಿ ಕುಳಿತವರು ರಾಜಾಜಿ. ನಡುವೆ ಹಲವು ದಶಕಗಳು.

1960ರ ನವೆಂಬರ್‌ನಲ್ಲಿ ರಾಮರಾಯರು ತೀರಿಕೊಂಡರು. ರಾಜಾಜಿ ಆಗ ಸ್ವತಂತ್ರ ಪಕ್ಷವನ್ನು ಕಟ್ಟಿ ಇಳಿವಯಸ್ಸಿನಲ್ಲಿ ಹೊಸ ಹೋರಾಟಕ್ಕೆ ಇಳಿದಿದ್ದರು. ಇಷ್ಟೆಲ್ಲ ಪದವಿಗಳನ್ನು ಕಂಡ ಮನುಷ್ಯ ಅಲ್ಲಿಯವರೆಗೆ ಒಮ್ಮೆಯೂ ಪಶ್ಚಿಮದ ದೇಶಗಳಿಗೆ ಹೋಗಿರಲಿಲ್ಲ. 1962ರ ಸೆಪ್ಟೆಂಬರಿನಲ್ಲಿ, ಎಂಬತ್ತಮೂರು ದಾಟಿದ ಮೇಲೆ, ಮೊದಲ ಬಾರಿಗೆ ಹೊರಟರು. ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕಂಡು ಹೇಳುವುದು ಉದ್ದೇಶ. ಜೊತೆಗಿದ್ದವರು ಇಬ್ಬರೂ ನಮ್ಮ ನಾಡಿನವರೇ, ಆರ್. ಆರ್. ದಿವಾಕರರು ಮತ್ತು ಮಂಗಳೂರಿನ ಬಿ. ಶಿವರಾವ್. ಕೆನಡಿ ಅವರ ಮಾತನ್ನು ಗೌರವದಿಂದ ಕೇಳಿದರು. ಮರುವರ್ಷ, 1963ರಲ್ಲಿ, ಪರೀಕ್ಷೆಗಳನ್ನು ಭಾಗಶಃ ನಿಷೇಧಿಸುವ ಒಪ್ಪಂದಕ್ಕೆ ಅಮೆರಿಕ, ರಷ್ಯ, ಬ್ರಿಟನ್ ಸಹಿ ಹಾಕಿದವು.

ಸೆಂಟ್ರಲ್ ಕಾಲೇಜಿನ ಗೆಳೆಯನಿಗೆ ಬರೆಯಲು ಅಷ್ಟು ಒಳ್ಳೆಯ ಸುದ್ದಿ ರಾಜಾಜಿಯವರ ಬಳಿ ಹಿಂದೆ ಎಂದೂ ಇದ್ದಿರಲಾರದು. ಆದರೆ ವಿಳಾಸದಲ್ಲಿ ಆ ಗೆಳೆಯ ಇಲ್ಲವಾಗಿ ಆಗಲೇ ಎರಡು ವರ್ಷವಾಗುತ್ತ ಬಂದಿತ್ತು.